ಒಂದೇ ಮಾತಿನ ಪುಸ್ತಕ

ಆಳಂದದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ನನ್ನ ಪ್ರೆಸ್ಸಿನಲ್ಲಿ ಇಂಗ್ಲಿಷ್ ಅಚ್ಚುಮೊಳೆ ಇದ್ದದ್ದು ಹೆಸರಿಗಷ್ಟೇ. ಅಂಗಡಿಯವರ ಬಿಲ್ ಬುಕ್ಕಿನ ತಲೆಬರಹಕ್ಕೆ, ಲಗ್ನಪತ್ರಿಕೆಯಲ್ಲಿ ಮದುಮಗನ ಹೆಸರಿನ ಮುಂದೆ ಡಿಗ್ರಿ ಹಾಕುವುದಕ್ಕೆ ಸಾಲುವಷ್ಟು. ಅದೂ ಹೈದರಾಬಾದಿನಲ್ಲಿ ಬಾಗಿಲು ಮುಚ್ಚಿದ ಯಾವುದೋ ಪ್ರೆಸ್ಸಿನಿಂದ ತೂಕದ ಮೇಲೆ ತಂದದ್ದು. ಅರ್ಧ ಮೊಳೆಗಳ ಮುಖ ಸವೆದಿತ್ತು. ಹೀಗಿರುವಾಗ, ಎಂಬತ್ತರ ದಶಕದ ಒಂದು ದೀಪಾವಳಿ ಮುಗಿದ ಮೇಲೆ, ಅಫಜಲಪುರ ತಾಲೂಕಿನ ಗೊಬ್ಬೂರದಿಂದ ನಿವೃತ್ತ ಇಂಗ್ಲಿಷ್ ಮಾಸ್ತರರೊಬ್ಬರು ಬಂದರು. ಕೈಚೀಲದಿಂದ ದಪ್ಪನೆಯ ಕಾಗದದ ಕಟ್ಟು ತೆಗೆದು ಮೇಜಿನ ಮೇಲಿಟ್ಟು, ಇದು ಪುಸ್ತಕ, ಇದರೊಳಗೆ ಇಂಗ್ಲಿಷಿನ ಒಂದೇ ಮಾತಿದೆ ಎಂದರು. ನನಗೆ ನಗು ತಡೆಯಲಾಗಲಿಲ್ಲ.

"ಒಂದ ಮಾತಿಗಿ ಇಷ್ಟ ದೊಡ್ಡ ಪುಸ್ತಕ ಏನ್ರಿ ಮಾಸ್ತರ?"

"ಹೌದ್ರಿ ಸಾಬ್ರ. ಸೆಟ್ ಅಂಬೂ ಮಾತು. ಇದೊಂದನ್ನ ಪೂರಾ ಕಲ್ತ್ರ ನಮ್ಮ ಹುಡುಗ್ರಿಗಿ ಉಳಿದ ಮಾತಿನ ಅಂಜಿಕಿ ಹೋಗ್ತದ. ನೀವು ಅಚ್ಚು ಹಾಕ್ತೀರೋ ಇಲ್ಲೋ ಅದಷ್ಟ ಹೇಳ್ರಿ."

ನೌಕರಿಯ ಬಹುಪಾಲು ಅವರು ಜೇವರ್ಗಿ ತಾಲೂಕಿನ ಹಳ್ಳಿಗಳಲ್ಲಿ ಕಳೆದಿದ್ದರು, ಕೊನೆಗೆ ಕೊಳಕೂರದಲ್ಲಿ. ಅಲ್ಲಿ ಕಂಡದ್ದು ಅವರ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಹುಡುಗರ ಕೈಯಲ್ಲಿದ್ದ ಗೈಡುಗಳು ದಕ್ಷಿಣದ ಕಡೆ ತಯಾರಾದವು. ಸೆಟ್ ಎಂದರೆ ಸ್ಥಾಪಿಸು, ನಿಯೋಜಿಸು, ಅಸ್ತಮಿಸು, ಘನೀಭವಿಸು ಎಂದು ಒಂದೇ ಸಾಲಿನಲ್ಲಿ ಬರೆದು ಕೈತೊಳೆದುಕೊಂಡಿದ್ದವು. ಹುಡುಗರು ಗೊತ್ತಿಲ್ಲದ ಒಂದು ಭಾಷೆಗಾಗಿ ಗೊತ್ತಿಲ್ಲದ ಇನ್ನೊಂದನ್ನು ಬಾಯಿಪಾಠ ಮಾಡುತ್ತಿದ್ದರು, ಎರಡರಲ್ಲೂ ನಪಾಸಾಗುತ್ತಿದ್ದರು. ಮಾಸ್ತರರ ಪುಸ್ತಕದಲ್ಲಿ ಆ ಸಾಲು ಇರಲಿಲ್ಲ. ಅವರು ಅರ್ಥಗಳನ್ನು ಕೆಲಸದ ಪ್ರಕಾರ ಜೋಡಿಸಿದ್ದರು. ಮೊದಲು ತಾನಾಗಿ ಆಗುವಂಥವು: ಹೊತ್ತು ಮುಳುಗುವುದು, ತುಪ್ಪ ಹೆತ್ತುವುದು, ತೊಗರಿ ಹೂವುದುರಿ ಕಾಯಿ ಹಿಡಿಯುವುದು, ಸಿಮೆಂಟು ಕಚ್ಚುವುದು. ಆಮೇಲೆ ಮನುಷ್ಯರ ಕೈ ಮಾಡುವಂಥವು: ಮುರಿದ ಎಲುಬು ಕೂಡಿಸುವುದು, ಉಂಗುರಕ್ಕೆ ಹರಳು ಕೂಡಿಸುವುದು, ಬಲೆ ಒಡ್ಡುವುದು, ಗಡಿಯಾರ ಹಚ್ಚುವುದು. ಅದಾದ ಮೇಲೆ ಮಾತಿನಿಂದ ಆಗುವಂಥವು: ದಿನ ಗೊತ್ತು ಮಾಡುವುದು, ಪರೀಕ್ಷೆಗೆ ಪ್ರಶ್ನೆ ತೆಗೆಯುವುದು, ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವುದು. ಕಡೆಗೆ ಬೆನ್ನಿಗೊಂದು ಸಣ್ಣ ಮಾತು ಕಟ್ಟಿಕೊಂಡು ಬರುವ ರೂಪಗಳು, ಹೊರಡುವುದು, ಶುರುವಾಗುವುದು, ತೆಗೆದಿಡುವುದು, ಅಡ್ಡಿಯಾಗುವುದು. ಪ್ರತಿಯೊಂದಕ್ಕೂ ಇಂಗ್ಲಿಷಿನ ವಾಕ್ಯ, ಅದರ ಕೆಳಗೆ ನಮ್ಮ ಕಡೆಯ ಜನ ಆಡುವ ವಾಕ್ಯ.

ಅಚ್ಚಿನ ದರದ ಮಾತು ಮುಗಿಯುವುದಕ್ಕೆ ಮೊದಲೇ ಅವರು ತಮ್ಮ ಅವಸರದ ಕಾರಣ ಹೇಳಿದರು. ಕಾಗದವನ್ನು ಬಲಗಣ್ಣಿಗೆ ಮುಟ್ಟುವಷ್ಟು ಹತ್ತಿರ ಹಿಡಿದು ಓದುತ್ತಿದ್ದುದನ್ನು ನಾನು ಆಗಲೇ ನೋಡಿದ್ದೆ.

"ಕಣ್ಣಿನ ನರ ಒಣಗಾಕತ್ತಾವ ಅಂತ ಡಾಕ್ಟರ್ ಹೇಳ್ಯಾರ. ಎಡಗಣ್ಣು ಹೋಗೇ ಬಿಟ್ಟದ. ಬಲಗಣ್ಣಿನಾಗ ನಡುವ ಒಂದೀಟು ಉಳದದ, ಕೊಳವಿ ಒಳಗ ನೋಡಿದಂಗ. ಈ ಪುಸ್ತಕಾ ನಾನ ಓದಿ, ನಾನ ತಿದ್ದಿ, ಅಚ್ಚಾಗಿದ್ದು ಕಣ್ಣಾರೆ ನೋಡಬೇಕು ಸಾಬ್ರ. ಆಮ್ಯಾಲ ಹೋದ್ರ ಹೋಗ್ಲಿ."

ಅಷ್ಟು ಕೇಳಿದ ಮೇಲೆ ಇಲ್ಲವೆನ್ನುವ ಧೈರ್ಯ ನನಗಾಗಲಿಲ್ಲ. ನಗುವುದನ್ನೂ ಅವತ್ತಿಗೆ ಬಿಟ್ಟೆ.

ಕೆಲಸ ಶುರುವಾದ ಕೂಡಲೇ ತೊಂದರೆ ಗೊತ್ತಾಯಿತು. ಸೆಟ್ ಎನ್ನುವುದಕ್ಕೆ ಬೇಕಾದದ್ದು ಮೂರು ಅಕ್ಷರ, ಆ ಮೂರೇ ಸಾಲಿಗೊಮ್ಮೆ ಬರುತ್ತಿದ್ದವು. ಎರಡು ಪುಟ ಜೋಡಿಸುವುದರೊಳಗೆ ಮೊಳೆ ಇಡುವ ಕೇಸಿನಲ್ಲಿ ಆ ಮೂರು ಮನೆ ಖಾಲಿ. ಮೊಳೆ ಇಲ್ಲದ ಕಡೆ ಬೇರೊಂದು ಮೊಳೆಯನ್ನು ತಲೆಕೆಳಗು ಮಾಡಿ ನಿಲ್ಲಿಸುವುದು ನಮ್ಮ ಪದ್ಧತಿ. ಪ್ರೂಫಿನಲ್ಲಿ ಅದು ಕರಿ ಚುಕ್ಕಿಯಾಗಿ ಬೀಳುತ್ತದೆ, ಆಮೇಲೆ ಸರಿಯಾದ ಮೊಳೆ ಹಾಕುತ್ತೇವೆ. ಮೊದಲ ಪ್ರೂಫ್ ನೋಡಿದ ಮಾಸ್ತರರು ಸಿಟ್ಟಾದರು. "ಏನ್ರಿ ಇದು, ಹಾಳಿ ತುಂಬ ನೊಣ ಕುಂತಂಗ ಕಾಣ್ತದ" ಎಂದರು. ಅವರ ಕಣ್ಣಿಗೆ ಚುಕ್ಕಿ ಯಾವುದು, ಅಕ್ಷರ ಯಾವುದು ಎಂದು ಬೇರೆ ಮಾಡುವುದೇ ಒಂದು ಶಿಕ್ಷೆಯಾಗಿತ್ತು. ಕಲಬುರ್ಗಿಗೆ ಹೋಗಿ ಪರಿಚಯದ ಪ್ರೆಸ್ಸಿನವರ ಕೈಕಾಲು ಹಿಡಿದು ಆ ಮೂರು ಅಕ್ಷರವನ್ನು ಕಡ ತಂದೆ. ಆಗಲೂ ಒಮ್ಮೆಗೆ ನಾಲ್ಕು ಪುಟಕ್ಕಿಂತ ಹೆಚ್ಚು ನಿಲ್ಲಿಸಲಾಗುತ್ತಿರಲಿಲ್ಲ. ನಾಲ್ಕು ಪುಟ ಜೋಡಿಸಬೇಕು, ಪ್ರೂಫ್ ತೆಗೆಯಬೇಕು, ಅವರು ತಿದ್ದಿದ ಮೇಲೆ ಟ್ರೆಡಲ್ ಯಂತ್ರಕ್ಕೆ ಹಾಕಿ ಅಷ್ಟೂ ಪ್ರತಿ ಹೊಡೆಯಬೇಕು, ಸೀಮೆಎಣ್ಣೆಯಲ್ಲಿ ಮೊಳೆ ತೊಳೆದು, ಒಂದೊಂದಾಗಿ ಬಿಚ್ಚಿ ಅದರದರ ಮನೆಗೆ ಹಾಕಬೇಕು. ಆಮೇಲೆ ಮುಂದಿನ ನಾಲ್ಕು. ಬಿಚ್ಚುವ ಕೆಲಸಕ್ಕೆ ನನ್ನ ಹೆಂಡತಿಯೂ ಕೂರುತ್ತಿದ್ದಳು. ಇಂಗ್ಲಿಷ್ ಅವಳಿಗೆ ಬಾರದು, ಅಕ್ಷರದ ಆಕಾರ ಬಲ್ಲಳು.

ಮಾಸ್ತರರು ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಬಂದವರು ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂತು, ಪ್ರೂಫನ್ನು ಬಿಸಿಲಿಗೆ ಹಿಡಿದು, ಒಂದೊಂದು ಮಾತನ್ನೂ ಕಣ್ಣಿನ ಮುಂದೆ ಎಳೆದು ತಂದು ನೋಡುತ್ತಿದ್ದರು. ತಿದ್ದುವುದರಲ್ಲಿ ಕರುಣೆ ಎಂಬುದಿರಲಿಲ್ಲ. ನಾನು ಕೈ ತಪ್ಪಿ 'ತುಪ್ಪ ಗಟ್ಟಿಯಾಯಿತು' ಎಂದು ಜೋಡಿಸಿದ್ದನ್ನು ಹೊಡೆದು ಹಾಕಿ, "ನಿಮ್ಮ ಮನ್ಯಾಗ ಹಂಗಂತೀರೇನು? ಹೆತ್ತದ ಅಂತೀರಿ. ಹಂಗ ಹಾಕ್ರಿ" ಎಂದರು. ಗೊಬ್ಬೂರದ ಮನೆಯಲ್ಲಿ ಅವರ ಜೊತೆಗಿದ್ದವಳು ಓದುಬರಹ ಬಾರದ, ವಿಧವೆಯಾದ ಅಕ್ಕ ಒಬ್ಬಳೇ. ತಾಯಿ ಸತ್ತ ಮೇಲೆ ಅವರನ್ನು ಸಾಕಿದವಳೂ ಅವಳೇ. ಅಡಿಗೆಮನೆಯ ಬಾಗಿಲಲ್ಲಿ ಕೂತು ಅವಳನ್ನು ಮಾತಾಡಿಸಿ ಮಾತಾಡಿಸಿ ಮಾಸ್ತರರು ಎಷ್ಟೋ ವಾಕ್ಯ ಬರೆದುಕೊಂಡಿದ್ದರು. ಒಂದು ಕಡೆ ಮಾತ್ರ ಅಕ್ಕತಮ್ಮ ಇಬ್ಬರೂ ಸೋತಿದ್ದರು. ಮೊಟ್ಟೆಯ ಮೇಲೆ ಕೋಳಿ ಕೂಡಿಸುವುದಕ್ಕೂ ಇಂಗ್ಲಿಷರು ಇದೇ ಮಾತು ಹೇಳುತ್ತಾರೆ. ಶರಣರ ಮನೆಯಲ್ಲಿ ಕೋಳಿಯ ಸುದ್ದಿ ಯಾರಿಗೆ ಗೊತ್ತು? ನನ್ನ ಹೆಂಡತಿ ಒಳಗಿನಿಂದಲೇ, "ಕಾವಿಗಿ ಕೂಡಸೂದು ಅಂತಾರ್ರಿ ಅದಕ್ಕ" ಎಂದಳು. ಮಾಸ್ತರರು ಎದ್ದು ನಿಂತು ಒಳಬಾಗಿಲಿಗೆ ಕೈಮುಗಿದರು. ಆ ವಾಕ್ಯ ಬರೆದುಕೊಂಡ ದಿನ ಅವರು ಖುಷಿಯಾಗಿದ್ದರು, ಎರಡು ಕಪ್ ಚಹಾ ಕುಡಿದರು.

ಸಂಕ್ರಮಣದ ಹೊತ್ತಿಗೆ ಪುಸ್ತಕದ ಮೂರರಲ್ಲಿ ಒಂದು ಪಾಲು ಅಚ್ಚಾಗಿ, ಮಡಿಚಿದ ಹಾಳೆಗಳು ಗೋಡೆಗುಂಟ ನಿಂತವು. ಅವರ ಕಣ್ಣು ಮಾತ್ರ ನಮ್ಮನ್ನು ಕಾಯಲಿಲ್ಲ. ತಿದ್ದಿದ ಹಾಳೆ ಯಾವುದು, ತಿದ್ದಬೇಕಾದದ್ದು ಯಾವುದು ಎನ್ನುವುದೇ ಅವರಿಗೆ ಗೊತ್ತಾಗದಂತಾಯಿತು. ಒಂದೇ ಪುಟವನ್ನು ಎರಡೆರಡು ಸಲ ತಿದ್ದಿ ತರತೊಡಗಿದರು. ಅದಕ್ಕೆ ಅವರೇ ಒಂದು ಉಪಾಯ ಮಾಡಿಕೊಂಡರು: ಮುಗಿದ ಹಾಳೆಯ ಮೇಲಿನ ಮೂಲೆಯನ್ನು ಹರಿದುಬಿಡುವುದು. ಆಮೇಲೆ ಕಣ್ಣು ಬೇಡ, ಬೆರಳೇ ಹೇಳುತ್ತದೆ.

ಮೊದಲ ಸಲ ಅಂಥ ಹಾಳೆಗಳನ್ನು ಪ್ರೆಸ್ಸಿಗೆ ತಂದಾಗ ನನ್ನ ಹೆಂಡತಿ ಮುಟ್ಟಲಿಲ್ಲ. ನಮ್ಮ ಕಡೆ ಸಾವಿನ ಸುದ್ದಿಯ ಕಾಗದಕ್ಕೆ ಮೂಲೆ ಹರಿದು ಕಳಿಸುತ್ತಾರೆ. ಕಿವಿ ಹರಿದ ಕಾಗದ ಎನ್ನುತ್ತಾರೆ ಅದಕ್ಕೆ. ಓದಿದ ಕೂಡಲೇ ಹರಿದು ಹಾಕಬೇಕು, ಮನೆಯಲ್ಲಿ ಇಟ್ಟುಕೊಳ್ಳಬಾರದು. ನಮ್ಮಲ್ಲೇ ಸತ್ತವರ ಶಿವಗಣಾರಾಧನೆಯ ಕಾರ್ಡು ಮಾಡಿಸಿದವರು ಕಟ್ಟು ಕೈಗೆ ಬಂದೊಡನೆ ಕಟ್ಟೆಯ ಮೇಲೆ ಕೂತು ಒಂದೊಂದರದೂ ಮೂಲೆ ಹರಿದು ಅಂಚೆಗೆ ಹಾಕುತ್ತಿದ್ದರು. "ಕೋನಾ ಫಟ್ಯಾ ಕಾಗಜ್ ಘರ್ ಮೇ ನಕ್ಕೋ ಜೀ" ಎಂದು, ಮೂಲೆ ಹರಿದ ಕಾಗದ ಮನೆಯಲ್ಲಿ ಬೇಡವೆಂದು, ಹೆಂಡತಿ ನನ್ನ ಮೇಲೆ ರೇಗಿದಳು. ನಾನು ಮಾಸ್ತರರಿಗೆ ಹೇಳಿದೆ. ಅವರು ನಕ್ಕುಬಿಟ್ಟರು.

"ಬಸವಣ್ಣನ ಒಕ್ಕಲು ನಾವು. ಸೂತಕ ಅಂಬೂದು ನಮಗಿಲ್ರಿ ಸಾಬ್ರ. ಕಾಗದಕ್ಕ ಎಲ್ಲಿಂದ ಬಂತು?"

ಫಾಲ್ಗುಣದಲ್ಲಿ ಕಲಬುರ್ಗಿಯ ಆಸ್ಪತ್ರೆಯವರು ಬಲಗಣ್ಣಿನ ಆಪರೇಶನ್ನಿಗೆ ದಿನ ಕೊಟ್ಟರು. ಉಳಿದಷ್ಟು ದೃಷ್ಟಿ ಹಿಡಿದು ನಿಲ್ಲಿಸುವ ಪ್ರಯತ್ನವಷ್ಟೇ, ನಿಲ್ಲದೆಯೂ ಹೋಗಬಹುದು ಎಂದಿದ್ದರಂತೆ. ಮಾಸ್ತರರು ಪ್ರೆಸ್ಸಿಗೆ ಬಂದು, ನಿಂತಿದ್ದ ನಾಲ್ಕು ಪುಟದ ಪ್ರೂಫು, ಅದರ ಮೂಲಪ್ರತಿ, ಇನ್ನೂ ಜೋಡಿಸದೆ ಉಳಿದ ಅರ್ಧ ಪುಸ್ತಕ ಎಲ್ಲವನ್ನೂ ಕೇಳಿ ಪಡೆದರು.

"ಕಣ್ಣು ಇರೂದ್ರಾಗ ಎಲ್ಲಾ ಒಮ್ಮೆ ನೋಡಿ ಕೊಡ್ತೇನಿ. ಆಮ್ಯಾಲ ನೀವು ನನ್ನ ಹಾದಿ ಕಾಯಬ್ಯಾಡ್ರಿ, ಅಚ್ಚು ಹಾಕ್ಕೋತ ಹೋಗ್ರಿ."

ಹಗಲೆಲ್ಲ ಅಂಗಳದ ಬಿಸಿಲಲ್ಲಿ ಕೂತು ಅವರು ಅದನ್ನು ಮುಗಿಸಿದರು. ಆಸ್ಪತ್ರೆಗೆ ಹೋಗುವ ಮುನ್ನ ಬಸ್ ಕಂಡಕ್ಟರನ ಕೈಯಲ್ಲಿ ಚೀಟಿ ಕಳಿಸಿದ್ದರು. ಕೆಲಸ ಮುಗಿದಿದೆ, ಪಡಸಾಲೆಯ ಗೂಡಿನಲ್ಲಿ ಇಟ್ಟಿದ್ದೇನೆ, ಬಂದು ಒಯ್ಯಿರಿ, ಅಕ್ಕ ಕೊಡುತ್ತಾಳೆ. ಅಕ್ಷರಗಳು ಒಂದರ ಮೇಲೊಂದು ಹತ್ತಿದ್ದವು. ಮರುದಿನವೇ ಹೊರಟೆ.

ಗೊಬ್ಬೂರದ ಮನೆಯ ಮುಂದೆ ಅಕ್ಕ ಒದ್ದೆ ಕೂದಲು ಹರವಿಕೊಂಡು ಕೂತಿದ್ದಳು. ಮಧ್ಯಾಹ್ನದ ಹೊತ್ತು, ಸ್ನಾನದ ಹೊತ್ತಲ್ಲ. ನಾನು ಯಾರೆಂದು ಹೇಳಿದೆ.

"ಬರ್ರಿ ಯಪ್ಪಾ. ಪ್ರೆಸ್ಸಿನವ್ರು ಬರ್ತಾರ, ಗೂಡಿನಾಗಿನ ಪುಸ್ತಕ ಕೊಡು ಅಂತ ಹೇಳಿ ಹೋಗ್ಯಾನ ತಮ್ಮ. ನಾನೂ ಹುಡುಕಾಕತ್ತೇನಿ ಮುಂಜಾನಿಂದ. ಪುಸ್ತಕ ಎಲ್ಲಿ ಅದ? ಗೂಡಿನಾಗ ಬರೇ ಕಿವಿ ಹರದ ಕಾಗದ ಇದ್ದವು."

"ಅವು ಎಲ್ಲಿ ಅದಾವ್ರಿ ಅವ್ವಾರ?" ಎಂದೆ.

"ಮನ್ಯಾಗ ಇಡಬಾರದಲ್ಲ. ಹರದು ನೀರಿನ ಒಲಿಗೆ ಹಾಕಿದೆ. ಅದೇ ನೀರು ತಲಿಮ್ಯಾಲ ಹಾಕ್ಕೊಂಡು ಈಗ ಕುಂತೇನಿ. ನೋಡ್ರಿ, ನನ್ನ ಮುಂದ ಹೇಳದ ಮುಚ್ಚಿಟ್ಟಿದ್ದ. ಮುದುಕಿ ಅಳ್ತಾಳ ಅಂತ ಇರಬೇಕು. ಒಬ್ಬರ ಸಾವಿಗಿ ಇಷ್ಟು ಕಾಗದ ಬಂದಾವಂದ್ರ ದೊಡ್ಡ ಮನುಷ್ಯಾನೇ ಇದ್ದಿರಬೇಕು."

ಬಚ್ಚಲಿಗೆ ಹೋಗಿ ನೋಡಿದೆ. ಒಲೆಯಲ್ಲಿ ಬೂದಿ ಇನ್ನೂ ಬೆಚ್ಚಗಿತ್ತು. ಕೋಲಿನಿಂದ ಕೆದಕಿದರೆ ಕಾಗದದ ಪದರ ಒಂದೆರಡು ಎದ್ದು ಪುಡಿಯಾದವು. ಅದಕ್ಕೆ ಬೇರೆ ಪ್ರತಿ ಎಲ್ಲೂ ಇರಲಿಲ್ಲ. ನನಗೆ ಆ ಮುದುಕಿಯ ಮೇಲೆ ಕೂಗಾಡಬೇಕು ಅನ್ನಿಸಿತು, ಅಲ್ಲೇ ಕೂತು ಅಳಬೇಕು ಅಂತಲೂ ಅನ್ನಿಸಿತು. ಎರಡೂ ಮಾಡಲಿಲ್ಲ. ಅವಳು ಕೊಟ್ಟ ಮಜ್ಜಿಗೆ ಕುಡಿದು, ಪುಸ್ತಕ ಮಾಸ್ತರರೇ ತಂದುಕೊಡುತ್ತಾರೆ ಬಿಡಿ ಎಂದು ಹೇಳಿ ಕಲಬುರ್ಗಿಯ ಬಸ್ಸು ಹಿಡಿದೆ.

ಆಸ್ಪತ್ರೆಯ ವಾರ್ಡಿನಲ್ಲಿ ಮಾಸ್ತರರು ಬಲಗಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಅಂಗಾತ ಮಲಗಿದ್ದರು. ಹೇಳಬಾರದ ಜಾಗ, ಹೇಳಬಾರದ ಹೊತ್ತು. ಆದರೆ ನನ್ನ ದನಿ ಕೇಳುತ್ತಲೇ ಅವರು ಕೇಳಿದ್ದು ಅದನ್ನೇ: "ತಂದ್ರೇನು? ಎಲ್ಲಾ ಬರಾಬರ್ ಅದಾವಿಲ್ಲ?" ಸುಳ್ಳು ನಾಲಗೆಯ ತುದಿಗೆ ಬಂತು, ಮುಂದೆ ಬರಲಿಲ್ಲ. ನಡೆದದ್ದನ್ನು ಹೇಳಿದೆ.

ಅವರ ಕೈ ಹಾಸಿಗೆಯ ಅಂಚನ್ನು ಹುಡುಕಿ ಹಿಡಿದುಕೊಂಡಿತು.

"ಅವು ಏನಿದ್ದವು ಅಂತ ಅಕ್ಕಗ ಹೇಳಿದ್ರೇನು?"

"ಇಲ್ರಿ."

"ಹೇಳಬ್ಯಾಡ್ರಿ. ಎಂದೂ ಹೇಳಬ್ಯಾಡ್ರಿ. ಯಾರು ಸತ್ರು ಅಂತ ಕೇಳ್ತಾಳ. ಕೊಳಕೂರದಾಗ ನನ್ನ ಜೋಡಿ ನೌಕರಿ ಮಾಡಿದವ್ರೊಬ್ರು ಅಂತೇನಿ." ಆಮೇಲೆ, "ನಾನರೆ ಅಕಿಗಿ ಹೇಳಬೇಕಿತ್ತು. ಅಕಿ ನನ್ನಂಗ ಅಲ್ಲ ಅಂಬೂದು ಮರ್ತಿದ್ದೆ" ಎಂದರು.

ಪಟ್ಟಿ ಬಿಚ್ಚಿದಾಗ ಬೆಳಕು ಕತ್ತಲೆಯ ವ್ಯತ್ಯಾಸ ಬಿಟ್ಟು ಬೇರೇನೂ ಉಳಿದಿರಲಿಲ್ಲ.

ಪ್ರೆಸ್ಸಿನಲ್ಲಿ ನಾಲ್ಕು ಪುಟ ಚೌಕಟ್ಟಿನೊಳಗೆ ಬಿಗಿದು ನಿಂತೇ ಇದ್ದವು. ತಿದ್ದಿದ ಪ್ರೂಫ್ ಸುಟ್ಟಿತ್ತು, ತಿದ್ದುಪಡಿ ಏನಿತ್ತೋ ಯಾರಿಗೆ ಗೊತ್ತು. ಅಷ್ಟರಲ್ಲಿ ಯುಗಾದಿ ಮುಗಿದು ಲಗ್ನದ ಸುಗ್ಗಿ ಶುರುವಾಯಿತು. ಅದು ನಾವು ವರ್ಷದ ಅನ್ನ ಗಳಿಸುವ ಕಾಲ. ಕನ್ನಡದ ಮೊಳೆ ಕೂಡ ಆ ಪುಟಗಳಲ್ಲಿ ಸಿಕ್ಕಿಕೊಂಡಿತ್ತು. ಲಗ್ನಪತ್ರಿಕೆಗೆ ನೆಂಟರ ಹೆಸರು ಜೋಡಿಸಲು ಹೋದರೆ ಸಾಲುತ್ತಿರಲಿಲ್ಲ. ಬಿಚ್ಚಿಬಿಡು ಎಂದು ಬುದ್ಧಿ ಹೇಳಿತು. ಬಿಚ್ಚಬಾರದು ಎಂದು ನಾನು ನಿಶ್ಚಯಿಸಿದೆ. ಹೀಗೆ ಏಕೆ ಮಾಡಿದೆನೆಂದು ಇವತ್ತಿಗೂ ಪೂರ್ತಿ ಹೇಳಲಾರೆ. ಆ ನಾಲ್ಕು ಪುಟ ಬಿಚ್ಚಿದರೆ ಆ ಮನುಷ್ಯನಿಗೆ ತಿರುಗಿ ಬರುವ ಹಾದಿಯೇ ಇಲ್ಲವಾಗುತ್ತದೆ ಅನ್ನಿಸಿತ್ತು. ಕಡಗಂಚಿಯಿಂದ ಕಾರ್ಡು ಮಾಡಿಸಲು ಬಂದ ಗೌಡರೊಬ್ಬರು ಚೌಕಟ್ಟಿನ ಮೇಲೆ ಬೆರಳಿಟ್ಟು, "ಇದೇನು ದೇವ್ರ ಪಟ ಏನ್ರಿ ಸಾಬ್ರ, ಮುಟ್ಟಂಗಿಲ್ಲ ಅಂತೀರಿ? ಮಗಳ ಲಗ್ನ ಅದ ನನ್ನದು" ಎಂದರು. ಅವರನ್ನು ಬೇರೆ ಪ್ರೆಸ್ಸಿಗೆ ಕಳಿಸಿದೆ. ಹೆಂಡತಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಸುಟ್ಟುಹೋದ ಭಾಗವನ್ನು ಮಾಸ್ತರರು ನೆನಪಿನಿಂದ ಹೇಳುವುದು, ನಾನೇ ಗೊಬ್ಬೂರಕ್ಕೆ ಹೋಗಿ ಬರೆದುಕೊಳ್ಳುವುದು ಎಂದು ತೀರ್ಮಾನವಾಯಿತು. ಮೊದಲ ದಿನ ಅವರು ಹುರುಪಿನಿಂದಲೇ ಕೂತರು. ನಾನು ಇಂಗ್ಲಿಷ್ ಅಕ್ಷರ ಬಲ್ಲೆ, ಭಾಷೆ ಅರ್ಧಂಬರ್ಧ. ಅವರು ಒಂದೊಂದು ಅಕ್ಷರ ಬಿಡಿಸಿ ಹೇಳಬೇಕು. ಅದಾದರೂ ಆಗುತ್ತಿತ್ತು. ಆಗದೆ ಹೋದದ್ದು ಬೇರೆ. ಬರೆಯುವಾಗ ಅವರು ಹಾಳೆಗಳನ್ನು ಹಾಸಿನ ಮೇಲೆ ಹರವಿಕೊಂಡು, ಇದು ಅದರ ಪಕ್ಕಕ್ಕೆ, ಅದು ಇದರ ಕೆಳಗೆ ಎಂದು ಕಣ್ಣಿನಿಂದ ಜೋಡಿಸುತ್ತಿದ್ದರು. ಈಗ ಹರವಲು ಏನೂ ಇರಲಿಲ್ಲ. 'ಸೆಟ್ ಅಸೈಡ್' ಎಂದು ಶುರು ಮಾಡಿ, ಕೋರ್ಟು ತೀರ್ಪು ತಳ್ಳಿ ಹಾಕುವುದು ಎಂದು ಬರೆಸಿ, ಬೀಜಕ್ಕೆಂದು ಜೋಳ ತೆಗೆದಿಡುವುದು ಎಂದು ಬರೆಸಿ, ಥಟ್ಟನೆ ನಿಂತು ಕೇಳುತ್ತಿದ್ದರು:

"ಇದು ಮೊದಲ ಹೇಳಿದ್ನೇನು?"

"ಹೇಳೀರಿ ಮಾಸ್ತರ. ಹೋದ ಸಲ ಹೇಳೀರಿ."

"ಹೋದ ಸಲ ಯಾವ ವಾಕ್ಯ ಕೊಟ್ಟೆ? ಓದ್ರಿ."

ಓದುತ್ತಿದ್ದೆ. ನನ್ನ ಉಚ್ಚಾರ ಕೇಳಿ ಅವರಿಗೆ ಅದು ತಮ್ಮ ವಾಕ್ಯ ಹೌದೋ ಅಲ್ಲವೋ ಎಂದೇ ಗುಮಾನಿ. ಹೊಡೆದು ಹಾಕಿಸುತ್ತಿದ್ದರು. ಮತ್ತೆ ಬರೆಸುತ್ತಿದ್ದರು, ಮತ್ತೆ ಹೊಡೆಸುತ್ತಿದ್ದರು. ಅಕ್ಕ ಅಡಿಗೆಮನೆಯಿಂದ ಏನಾದರೂ ಅಂದರೆ ಮೊದಲು ಕಿವಿ ನಿಮಿರಿಸಿ ಕೇಳುತ್ತಿದ್ದವರು ಈಗ ಮುಖ ತಿರುಗಿಸಿ ಕೂರುತ್ತಿದ್ದರು. ನನಗೆ ಅದು ಎಲ್ಲಕ್ಕಿಂತ ಕಷ್ಟವಾಯಿತು. ವಾರಕ್ಕೆರಡು ಸಲ ಹೋಗುತ್ತಿದ್ದೆ, ಬರುವಾಗ ಕೈಯಲ್ಲಿ ಹೋಗುವಾಗ ಇದ್ದದ್ದಕ್ಕಿಂತ ಕಡಿಮೆ ಇರುತ್ತಿತ್ತು. ಬಸ್ಸಿನಲ್ಲಿ ಕೂತು, ಇದು ಆಗುವ ಕೆಲಸವಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಬಸವಜಯಂತಿಯ ಹಿಂದಿನ ದಿನವಿರಬೇಕು. ಅವತ್ತು ಅವರು ಒಂದು ವಾಕ್ಯವನ್ನೂ ಹೇಳಲಿಲ್ಲ. ನಾನು ಪೆನ್ನು ಹಿಡಿದು ಕಾದೆ.

"ಆ ನಾಕು ಪುಟ ಇನ್ನಾ ನಿಲ್ಲಿಸೀರೇನು?" ಎಂದರು.

"ಹೌದ್ರಿ."

"ಬಿಚ್ರಿ ಸಾಬ್ರ. ಮಂದಿ ಲಗ್ನ ಬಿಟ್ಟು ನನ್ನ ಹಿಂದ ಕುಂತೀರಿ. ನಿಮಗೂ ಮಕ್ಕಳು ಮರಿ ಅದಾವ."

"ಇನ್ನೊಂದ್ ತಿಂಗಳು ನೋಡೂಣ್ರಿ ಮಾಸ್ತರ."

"ನೋಡೂದು ನನ್ನ ಕೈಲಿ ಆಗೂದಿಲ್ಲಲ್ಲ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಅರ್ಧಾ ಪುಸ್ತಕ ಹುಡುಗ್ರ ಕೈಯಾಗ ಕೊಟ್ರ, ಅರ್ಧಾ ಕಲತು ಪೂರಾ ಬಂತು ಅನ್ಕೋತಾರ. ಅಚ್ಚಾದ ಹಾಳಿ ಯಾರಿಗೂ ಕೊಡಬ್ಯಾಡ್ರಿ."

ಅವರ ಎರಡೂ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತೆ. ಆಳಂದಕ್ಕೆ ಮುಟ್ಟಿದರೆ ನಾಳೆ ಆ ನಾಲ್ಕು ಪುಟ ಬಿಚ್ಚುವ ಕೆಲಸ ಇತ್ತು.

ಹೊರಗೆ ಬಂದಾಗ ಅಕ್ಕ ನಾಲ್ಕು ರೊಟ್ಟಿ, ಶೇಂಗಾದ ಹಿಂಡಿ ಬಟ್ಟೆಯಲ್ಲಿ ಕಟ್ಟಿಕೊಂಡು ನನ್ನ ಹಿಂದೆಯೇ ಬಂದಳು. ಒಳಗೆ ಕೇಳದಂತೆ ದನಿ ತಗ್ಗಿಸಿದಳು.

"ಯಪ್ಪಾ, ಒಂದ್ ಮಾತು ಕೇಳ್ತೇನಿ. ತಮ್ಮಗ ಕೇಳಿದ್ರ ಹೇಳೂದಿಲ್ಲ, ಗ್ವಾಡಿ ಕಡಿ ಮುಖ ಮಾಡ್ತಾನ. ಆ ಕೊಳಕೂರದವ್ರು ನಿಮಗ ಗೊತ್ತಿದ್ರೇನು?"

"ಗೊತ್ತಿದ್ರು ಅವ್ವಾರ."

"ಭಾಳ ವಯಸ್ಸಾಗಿತ್ತೇನು?"

"ಇಲ್ರಿ. ಅರ್ಧಾ ವಯಸ್ಸಿನಾಗ ಹೋದ್ರು."

"ಪಾಪ" ಎಂದು ಸೆರಗು ಬಾಯಿಗಿಟ್ಟುಕೊಂಡಳು. ರೊಟ್ಟಿಯ ಗಂಟು ನನ್ನ ಕೈ ಸೇರಿದ ಮೇಲೂ ಅವಳು ಅದನ್ನು ಬಿಡಲಿಲ್ಲ. "ಅವತ್ತ ನಾ ಆ ಕಾಗದಾ ಹರದು ಒಲಿಗೆ ಹಾಕಿದ್ದು ಚೊಲೋ ಆತಿಲ್ಲ? ಅಂಥವು ಮನ್ಯಾಗ ಉಳದಿದ್ರ ಅವನ ಕಣ್ಣಿಗಿ ಇನ್ನಾ ಏನೇನು ಕೇಡಾಗ್ತಿತ್ತೋ."

ಒಳಗೆ ಮಾಸ್ತರರು ಕೆಮ್ಮಿದ್ದು ಕೇಳಿಸಿತು.

"ಹೌದ್ರಿ ಅವ್ವಾರ, ಚೊಲೋ ಮಾಡೀರಿ" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡೆ.